ವಿಂಡೋಸ್ ಏಳುತ್ತಿಲ್ಲ, ಫೈಲ್‌ಗಳ ಗತಿ ಏನು? ಲಿನಕ್ಸ್ ಪೆನ್ ಡ್ರೈವ್ ಹಾಕಿ ಬ್ಯಾಕಪ್ ತೆಗೆಯುವ ಬಗೆ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವುದು. ಚೆಂಬೂರಿನಲ್ಲಿ ನಮ್ಮದೊಂದು ಚಿಕ್ಕ ಹೋಟೆಲ್ ಇದೆ. ಅದರ ಲೆಕ್ಕವನ್ನು ಟ್ಯಾಲಿಯಲ್ಲಿ ನಾನೇ ನೋಡಿಕೊಳ್ಳುತ್ತೇನೆ. ಲ್ಯಾಪ್‌ಟಾಪ್ 2019ರಲ್ಲಿ ತಗೊಂಡಿದ್ದು, 1 ಟಿಬಿ ಹಾರ್ಡ್ ಡಿಸ್ಕ್. ಬ್ಯಾಟರಿ ಕೆಟ್ಟು ವರ್ಷವಾಯಿತು, ಚಾರ್ಜರ್ ಹಾಕಿಕೊಂಡೇ ಕೆಲಸ. ಎರಡು ಮೂರು ತಿಂಗಳಿಂದ ತುಂಬಾ ಸ್ಲೋ ಇತ್ತು. ಕಳೆದ ವಾರ ವಿಂಡೋಸ್ 10ರಿಂದ 11ಕ್ಕೆ ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋಯಿತು. ಅಂದಿನಿಂದ ‘ಆಟೊಮ್ಯಾಟಿಕ್ ರಿಪೇರ್’ ಎಂದು ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಅಂಗಡಿಯವರು ‘ಫಾರ್ಮ್ಯಾಟ್ ಮಾಡಲೇಬೇಕು, ಡೇಟಾ ಬೇಕಿದ್ದರೆ ಅದಕ್ಕೆ ಬೇರೆ ಚಾರ್ಜ್’ ಎನ್ನುತ್ತಾರೆ. ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಬಂದಿದ್ದಾಗ ಪೆನ್ ಡ್ರೈವ್‌ನಲ್ಲಿ ಲಿನಕ್ಸ್ (ವಿಂಡೋಸ್ ಬದಲು ಬಳಸುವ ಇನ್ನೊಂದು ಉಚಿತ ಸಿಸ್ಟಮ್) ಹಾಕಿ ತೋರಿಸಿದ. ಪಾಸ್‌ವರ್ಡ್ ಕೇಳದೆಯೇ ಫೋಲ್ಡರ್‌ಗಳು ಕಂಡವು. ಆದರೆ ಡೆಸ್ಕ್‌ಟಾಪ್ ಫೋಲ್ಡರ್ ಖಾಲಿ. ನಮ್ಮ ಸಂಘದ ಸ್ಮರಣ ಸಂಚಿಕೆಗೆಂದು ನುಡಿಯಲ್ಲಿ ಟೈಪ್ ಮಾಡಿದ್ದ ಲೇಖನ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ತೀರಿಹೋದ ನಮ್ಮ ಮಾವನವರ ಯಕ್ಷಗಾನದ ವಿಡಿಯೋ ಇನ್ನೊಂದು ಪೆನ್ ಡ್ರೈವ್‌ಗೆ ಹಾಕಲು ಹೋದರೆ ಜಾಗ ಇದ್ದರೂ ‘ಫೈಲ್ ದೊಡ್ಡದಾಯಿತು’ ಎಂದಿತು. ಎಲ್ಲಾ ಹಾಳಾಗಿದೆ ಎಂದು ಹೆದರಿ ಬಂದ್ ಮಾಡಿಸಿದೆ. ಲಿನಕ್ಸ್ ಹಾಕಿದ್ದರಿಂದಲೇ ಹೀಗಾಯಿತೇ? ಇನ್ನು ಮುಂದೆ ಏನು ಮಾಡಲಿ?

ಉತ್ತರ: ನಮಸ್ಕಾರ. ಮೊದಲು ಸಮಾಧಾನದ ಮಾತು. ಲಿನಕ್ಸ್ ಹಾಕಿದಾಗ ಫೋಲ್ಡರ್‌ಗಳು ಕಂಡವು ಎಂದು ಬರೆದಿದ್ದೀರಲ್ಲ, ನಿಮ್ಮ ಇಡೀ ಪತ್ರದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಅದೇ. ಅದರಿಂದ ಮೂರು ಸಂಗತಿ ಗೊತ್ತಾಗುತ್ತದೆ. ಡಿಸ್ಕ್ ಇನ್ನೂ ತಿರುಗುತ್ತಿದೆ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಉಳಿದಿದೆ. ಡಿಸ್ಕ್‌ಗೆ ಬಿಟ್‌ಲಾಕರ್, ಅಂದರೆ ಕೀ ಇಲ್ಲದೆ ಓದಲಾಗದಂತೆ ಮಾಡುವ ವಿಂಡೋಸ್‌ನ ಬೀಗ ಬಿದ್ದಿಲ್ಲ. ಡೆಸ್ಕ್‌ಟಾಪ್ ಖಾಲಿ ಕಂಡದ್ದು, ಅಕ್ಷರ ಕೆಟ್ಟಂತೆ ಕಂಡದ್ದು, ವಿಡಿಯೋ ಕಾಪಿ ಆಗದ್ದು, ಈ ಮೂರಕ್ಕೂ ಬೇರೆ ಬೇರೆ ಕಾರಣ ಇದೆ. ಮೂರರಲ್ಲಿ ಒಂದೂ ಫೈಲ್ ಹಾಳಾದ ಲಕ್ಷಣವಲ್ಲ. ಒಂದೊಂದಾಗಿ ಹೇಳುತ್ತೇನೆ.

ಆದರೆ ಸಮಾಧಾನ ಆಗದ ಒಂದು ಮಾತೂ ಪತ್ರದಲ್ಲಿದೆ. ‘ಎರಡು ಮೂರು ತಿಂಗಳಿಂದ ತುಂಬಾ ಸ್ಲೋ ಇತ್ತು.’ ಇದನ್ನು ನೀವು ಸುಮ್ನೆ ಬರೆದಿರಬಹುದು, ನಾನು ಅಲ್ಲೇ ನಿಂತುಬಿಟ್ಟೆ. ವರ್ಷಗಟ್ಟಲೆ ಓಡಿದ ತಿರುಗುವ ಹಾರ್ಡ್ ಡಿಸ್ಕ್ ಇದ್ದಕ್ಕಿದ್ದಂತೆ ನಿಧಾನವಾದರೆ, ಡಿಸ್ಕ್ ಸವೆಯುತ್ತಿರಬಹುದು ಎಂದು ಮೊದಲು ಅನುಮಾನಿಸಬೇಕು. ಕೆಟ್ಟ ಜಾಗ ಸಿಕ್ಕಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ. ನಿಮಗೆ ಅದು ‘ಹ್ಯಾಂಗ್’ ಆಗಿ ಕಾಣುತ್ತದೆ. ಹಾಗಾಗಿ ನಿಮ್ಮ ಲ್ಯಾಪ್‌ಟಾಪ್‌ಗೆ ಎರಡು ಕಾಯಿಲೆ ಇರಬಹುದು. ಕರೆಂಟ್ ಹೋಗಿ ಕೆಟ್ಟ ವಿಂಡೋಸ್ ಒಂದು, ಅದಕ್ಕೂ ಮೊದಲಿನಿಂದ ಕೆಡುತ್ತಾ ಬಂದ ಡಿಸ್ಕ್ ಇನ್ನೊಂದು. ಮೊದಲನೆಯದಕ್ಕೆ ಅವಸರ ಇಲ್ಲ. ಎರಡನೆಯದು ನಿಜವಾಗಿದ್ದರೆ ಪ್ರತಿ ಸಲ ಆನ್ ಮಾಡುವುದೂ ಲೆಕ್ಕಕ್ಕೆ ಬರುತ್ತದೆ.

ಅದಕ್ಕೇ ಇವತ್ತಿನಿಂದ ಒಂದು ಕೆಲಸ ನಿಲ್ಲಿಸಿ. ‘ಈಗಲಾದರೂ ಏಳುತ್ತದಾ’ ಎಂದು ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಆ ಆಟೊಮ್ಯಾಟಿಕ್ ರಿಪೇರ್ ಸುಮ್ಮನೆ ಕೂರುವುದಿಲ್ಲ, ಡಿಸ್ಕ್‌ನಲ್ಲಿ ತಿದ್ದುಪಡಿ ಮಾಡಲು ನೋಡುತ್ತದೆ. ಯಾರಾದರೂ ‘ಚೆಕ್ ಡಿಸ್ಕ್ ಓಡಿಸಿ, ಸರಿಹೋಗುತ್ತದೆ’ ಎಂದರೂ ಈಗ ಬೇಡ. ಚೆಕ್ ಡಿಸ್ಕ್‌ನ ಕೆಲಸ ಫೈಲ್ ಪಟ್ಟಿಯನ್ನು ಸರಿಪಡಿಸುವುದು, ನಿಮ್ಮ ಫೈಲ್ ಕಾಪಾಡುವುದಲ್ಲ. ಲೆಕ್ಕಕ್ಕೆ ಸಿಗದ ತುಣುಕುಗಳನ್ನು ಅದು ಹೆಸರಿಲ್ಲದ ಫೈಲ್‌ಗಳಾಗಿ ಒಂದು ಮೂಲೆಗೆ ತಳ್ಳುತ್ತದೆ. ಸವೆದ ಡಿಸ್ಕ್ ಮೇಲೆ ಅದನ್ನು ಗಂಟೆಗಟ್ಟಲೆ ಓಡಿಸಿ, ಕಾಣುತ್ತಿದ್ದ ಫೋಲ್ಡರ್‌ಗಳನ್ನೂ ಕಳೆದುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಮೊದಲು ಕಾಪಿ, ಆಮೇಲೆ ರಿಪೇರಿ. ಈ ಕ್ರಮ ಬದಲಾಗಬಾರದು.

ಈಗ ಲಿನಕ್ಸ್ ವಿಷಯ. ವಿಂಡೋಸ್ ಅನ್ನುವುದು ಡಿಸ್ಕ್‌ನಲ್ಲಿರುವ ಹಲವು ಫೈಲ್‌ಗಳ ಒಂದು ಗುಂಪು, ನಿಮ್ಮ ಲೆಕ್ಕ, ಫೋಟೋ ಇನ್ನೊಂದು ಗುಂಪು. ಮೊದಲ ಗುಂಪಿನಲ್ಲಿ ಅರ್ಧ ಬರೆದ ಫೈಲ್‌ಗಳಿದ್ದರೆ ಕಂಪ್ಯೂಟರ್ ಏಳುವುದಿಲ್ಲ. ಎರಡನೆಯ ಗುಂಪಿಗೆ ಅದರಿಂದ ಏನೂ ಆಗಿರಬೇಕೆಂದಿಲ್ಲ. ಪೆನ್ ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸಿದಾಗ ಅದು ಪೆನ್ ಡ್ರೈವ್ ಮತ್ತು ರ‍್ಯಾಮ್ ಮೇಲೆ ನಡೆಯುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಕೂತುಕೊಳ್ಳುವುದಿಲ್ಲ. ನಿಮ್ಮ ಡಿಸ್ಕ್‌ನಲ್ಲಿ ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ಮಾದರಿಯನ್ನು ಓದಲು ಲಿನಕ್ಸ್‌ಗೆ ಹಿಂದಿನಿಂದಲೂ ಬರುತ್ತದೆ. 2021ರಲ್ಲಿ ಬಂದ 5.15 ಕರ್ನಲ್‌ನಿಂದ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು) ಅದಕ್ಕೆ ಹೊಸ ಡ್ರೈವರ್ ಕೂಡ ಸೇರಿದೆ. ಆದ್ದರಿಂದ ನಿಮ್ಮ ತಂಗಿಯ ಮಗ ಮಾಡಿದ್ದು ಸರಿಯಾದ ಕೆಲಸವೇ. ಅವನನ್ನು ಬೈಯಬೇಡಿ.

ಹಾಗಾದರೆ ‘ಲಿನಕ್ಸ್ ಹಾಕಿದರೆ ಎಲ್ಲಾ ಅಳಿಸಿಹೋಗುತ್ತದೆ’ ಎಂಬ ಮಾತು ಎಲ್ಲಿಂದ ಬಂತು? ಅದು ಪೂರ್ತಿ ಸುಳ್ಳಲ್ಲ. ಲಿನಕ್ಸ್‌ನಲ್ಲಿ ಉಬುಂಟು, ಮಿಂಟ್ ಎಂದು ಹಲವು ಬಗೆ ಇವೆ. ಉಬುಂಟು ಎಬ್ಬಿಸಿದಾಗ ‘ಟ್ರೈ’ ಮತ್ತು ‘ಇನ್‌ಸ್ಟಾಲ್’ ಎಂದು ಎರಡು ಆಯ್ಕೆ ಬರುತ್ತವೆ. ಲಿನಕ್ಸ್ ಮಿಂಟ್‌ನಲ್ಲಿ ನೇರವಾಗಿ ಡೆಸ್ಕ್‌ಟಾಪ್ ಬಂದು, ಅಲ್ಲಿ ಇನ್‌ಸ್ಟಾಲ್ ಎಂಬ ಐಕಾನ್ ಇರುತ್ತದೆ. ಆ ಇನ್‌ಸ್ಟಾಲ್ ಒತ್ತಿ, ಮುಂದೆ ‘ಇಡೀ ಡಿಸ್ಕ್ ಅಳಿಸಿ ಹಾಕು’ ಎನ್ನುವುದನ್ನು ಒಪ್ಪಿದರೆ ಮಾತ್ರ ನಿಮ್ಮದೆಲ್ಲ ಹೋಗುತ್ತದೆ. ‘ಟ್ರೈ’ ಒತ್ತಿ ಒಳಗೆ ಹೋದರೆ, ಇನ್‌ಸ್ಟಾಲ್ ಐಕಾನ್ ಕಡೆ ಕೈ ಹಾಕದಿದ್ದರೆ, ಏನೂ ಅಳಿಸುವುದಿಲ್ಲ. ಖಂಡಿತ ಅಳಿಸಿಹೋಗುವುದು ಒಂದೇ: ಲಿನಕ್ಸ್ ತುಂಬಿಸುವ ಆ ಪೆನ್ ಡ್ರೈವ್. ಅದರಲ್ಲಿ ಮೊದಲು ಏನಿದ್ದರೂ ಹೋಗುತ್ತದೆ. ಮನೆಯಲ್ಲಿರುವ ಯಾವುದೋ ಪೆನ್ ಡ್ರೈವ್ ಎತ್ತಿಕೊಳ್ಳದೆ, 8 ಜಿಬಿಯ ಖಾಲಿ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಬೇರೆ ವಿಂಡೋಸ್ ಕಂಪ್ಯೂಟರ್‌ನಲ್ಲಿ ರೂಫಸ್ ಎಂಬ ಉಚಿತ ಸಾಧನದಿಂದ ಅದನ್ನು ತಯಾರಿಸಬಹುದು. ನಿಮ್ಮ ಹಳೆಯ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್ ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾಗಿ ಓಡುತ್ತದೆ.

ಪಾಸ್‌ವರ್ಡ್ ಕೇಳಲಿಲ್ಲ ಎಂದು ನಿಮಗೆ ಆಶ್ಚರ್ಯವಾಗಿದೆ. ವಿಂಡೋಸ್ ಪಾಸ್‌ವರ್ಡ್ ಅನ್ನು ಕಾಯುವುದು ವಿಂಡೋಸ್ ಮಾತ್ರ. ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ, ಅಂದರೆ ಅಂಥ ಬೀಗ ಹಾಕಿಲ್ಲದಿದ್ದರೆ, ಬೇರೆ ಸಿಸ್ಟಮ್‌ನಿಂದ ಬಂದವರಿಗೆ ಎಲ್ಲವೂ ತೆರೆದೇ ಇರುತ್ತದೆ. ಈಗ ನಿಮಗೆ ಇದು ಅನುಕೂಲ. ಆದರೆ ಲ್ಯಾಪ್‌ಟಾಪ್ ಯಾರ ಕೈಗೆ ಕೊಟ್ಟರೂ ಅವರಿಗೂ ಇದೇ ಅನುಕೂಲ ಇದೆ, ಅಲ್ವಾ? ಆ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಕಾಪಿಗೆ ಮುಂಚೆ ಡಿಸ್ಕ್‌ನ ಆರೋಗ್ಯ ನೋಡಿ. ಇದಕ್ಕೆ ಐದು ನಿಮಿಷ ಸಾಕು. ಲಿನಕ್ಸ್ ಎದ್ದ ಮೇಲೆ ಮೆನುವಿನಲ್ಲಿ ‘ಡಿಸ್ಕ್ಸ್’ ಎಂಬ ಆ್ಯಪ್ ತೆರೆಯಿರಿ. ಎಡಗಡೆ ನಿಮ್ಮ 1 ಟಿಬಿ ಡಿಸ್ಕ್ ಆರಿಸಿ, ಮೇಲಿನ ಮೂರು ಚುಕ್ಕಿಯ ಮೆನುವಿನಲ್ಲಿ ‘ಸ್ಮಾರ್ಟ್ ಡೇಟಾ’ ಎಂಬುದನ್ನು ಒತ್ತಿ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ದಾಖಲೆ ಅದು. ಉದ್ದ ಪಟ್ಟಿ ನೋಡಿ ಗಾಬರಿ ಬೇಡ. ಎರಡು ಸಾಲು ಸಾಕು. ‘ರೀಅಲೊಕೇಟೆಡ್ ಸೆಕ್ಟರ್ ಕೌಂಟ್’ ಅಂದರೆ ಕೆಟ್ಟುಹೋಗಿ, ಬದಲಿ ಜಾಗ ಕೊಟ್ಟಿರುವ ತುಣುಕುಗಳು. ‘ಕರೆಂಟ್ ಪೆಂಡಿಂಗ್ ಸೆಕ್ಟರ್ ಕೌಂಟ್’ ಅಂದರೆ ಸದ್ಯಕ್ಕೆ ಓದಲಾಗದೆ ಬಾಕಿ ಉಳಿದಿರುವ ತುಣುಕುಗಳು. ಎರಡೂ ಸೊನ್ನೆ ಇದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಎರಡನೆಯದರಲ್ಲಿ ಸೊನ್ನೆ ಬಿಟ್ಟು ಬೇರೇನೇ ಇದ್ದರೂ ಡಿಸ್ಕ್ ಅಪಾಯದಲ್ಲಿದೆ ಎಂದೇ ತಿಳಿಯಿರಿ. ಮೇಲೆ ‘ಡಿಸ್ಕ್ ಈಸ್ ಓಕೆ’ ಎಂದು ಬರೆದಿದ್ದರೂ ಅದೊಂದನ್ನೇ ನಂಬಬೇಡಿ. ಕೆಟ್ಟ ಸೆಕ್ಟರ್ ಇದ್ದಾಗಲೂ ಆ ಮಾತು ಬರುವುದುಂಟು.

ಎರಡೂ ಸೊನ್ನೆ ಎಂದಿಟ್ಟುಕೊಳ್ಳಿ. ಆಗ ಸಾಮಾನ್ಯ ಕಾಪಿ ಪೇಸ್ಟ್ ಸಾಕು. ಹೊಸ ಹೊರಗಿನ ಹಾರ್ಡ್ ಡಿಸ್ಕ್ ಒಂದು ತನ್ನಿ, 1 ಟಿಬಿ ಅಥವಾ ಅದಕ್ಕಿಂತ ಜಾಸ್ತಿ. ಲಿನಕ್ಸ್ ಇರುವ ಪೆನ್ ಡ್ರೈವ್‌ಗೇ ಫೈಲ್ ಹಾಕಲು ಹೋಗಬೇಡಿ. ಯುಎಸ್‌ಬಿ 3 ಪೋರ್ಟ್‌ಗೇ ಚುಚ್ಚಿ, ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದರ ಒಳಗೆ ನೀಲಿ ಬಣ್ಣ ಇರುತ್ತದೆ. ನಿಮ್ಮ ಬ್ಯಾಟರಿ ಸತ್ತಿರುವುದರಿಂದ ಕರೆಂಟ್ ಬಗ್ಗೆ ಮೊದಲೇ ಯೋಚಿಸಿ. ಕಾಪಿ ನಡುವೆ ಕರೆಂಟ್ ಹೋದರೆ ಹಳೆಯ ಡಿಸ್ಕ್‌ಗೆ ತೊಂದರೆ ಕಡಿಮೆ, ಯಾಕೆಂದರೆ ನಾವು ಅದರಿಂದ ಓದುತ್ತಿದ್ದೇವೆ ಅಷ್ಟೇ. ಬರೆಯುತ್ತಿರುವ ಹೊಸ ಡಿಸ್ಕ್‌ನಲ್ಲಿ ಮಾತ್ರ ಅರ್ಧಂಬರ್ಧ ಫೈಲ್‌ಗಳು ಉಳಿಯಬಹುದು. ಹೋಟೆಲಿನಲ್ಲಿ ಇನ್ವರ್ಟರ್ ಇದ್ದರೆ ಲ್ಯಾಪ್‌ಟಾಪ್ ಬಂದ್ ಮಾಡಿ ಅಲ್ಲಿಗೇ ತಗೊಂಡು ಹೋಗಿ, ಅಡುಗೆಮನೆಯ ಬಿಸಿ, ಎಣ್ಣೆ ಹೊಗೆ ತಾಗದ ಕಡೆ ಇಟ್ಟು ಕೆಲಸ ಮಾಡಿ.

ಪೆನ್ ಡ್ರೈವ್‌ನಿಂದ ಎಬ್ಬಿಸಲು ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತುತ್ತಿರಬೇಕು. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್ 9, ಏಸಸ್‌ನಲ್ಲಿ ಎಸ್ಕೇಪ್. ಸೆಕ್ಯೂರ್ ಬೂಟ್ (ನಂಬಿಕೆಯ ಸಿಸ್ಟಮ್ ಮಾತ್ರ ಏಳಲು ಬಿಡುವ ಕಾವಲು) ಆಫ್ ಮಾಡಬೇಕು ಎಂದು ಬಹಳ ಕಡೆ ಹೇಳುತ್ತಾರೆ. ಉಬುಂಟು, ಮಿಂಟ್‌ಗೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ. ನಿಮಗೆ ಈಗಾಗಲೇ ಎದ್ದಿದೆ, ಹಾಗಾಗಿ ಬಯಾಸ್‌ನಲ್ಲಿ (ಕಂಪ್ಯೂಟರ್ ಏಳುವ ಮೊದಲಿನ ಸೆಟ್ಟಿಂಗ್) ಏನನ್ನೂ ಮುಟ್ಟಬೇಡಿ.

ಡಿಸ್ಕ್ ತೆರೆಯುವಾಗ ಒಂದು ಅಡ್ಡಿ ಬರಬಹುದು. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬುದು ಬಂದಿದೆ. ಶಟ್ ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ತನ್ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಅರೆನಿದ್ದೆಗೆ ಹೋಗುತ್ತದೆ. ಅಂಥ ಡಿಸ್ಕ್ ಕಂಡಾಗ ಲಿನಕ್ಸ್ ‘ಓದಲು ಮಾತ್ರ ಬಿಡುತ್ತೇನೆ’ ಎನ್ನುತ್ತದೆ, ಕೆಲವೊಮ್ಮೆ ತೆರೆಯುವುದಕ್ಕೇ ಒಪ್ಪುವುದಿಲ್ಲ. ಓದಲು ಮಾತ್ರ ಬಿಟ್ಟರೆ ಒಳ್ಳೆಯದೇ, ನಮಗೆ ಬೇಕಾದ್ದೂ ಅಷ್ಟೇ. ಒಪ್ಪದಿದ್ದರೆ ‘ಎನ್‌ಟಿಎಫ್‌ಎಸ್ ಫಿಕ್ಸ್ ಓಡಿಸಿ’, ‘ಹೈಬರ್ನೇಷನ್ ಫೈಲ್ ಅಳಿಸಿ’ ಎಂಬ ಸಲಹೆಗಳು ಇಂಟರ್ನೆಟ್‌ನಲ್ಲಿ ಧಾರಾಳ ಸಿಗುತ್ತವೆ. ಅವೆರಡೂ ಡಿಸ್ಕ್ ಮೇಲೆ ಬರೆಯುವ ಕೆಲಸಗಳು. ಬೇಡ. ಡಿಸ್ಕ್ಸ್ ಆ್ಯಪ್‌ನಲ್ಲೇ ಮೌಂಟ್ (ಡಿಸ್ಕ್ ತೆರೆಯುವ) ಆಯ್ಕೆಗೆ ಹೋಗಿ ‘ರೀಡ್ ಓನ್ಲಿ’ ಮಾಡಿ ತೆರೆಯಬಹುದು. ನಿಮ್ಮ ತಂಗಿಯ ಮಗನಿಗೆ ಇದು ಕಷ್ಟವಾಗಲಾರದು.

ಹಳೆಯ ಡಿಸ್ಕ್‌ನಲ್ಲಿದ್ದ ಹಾಗೇ ಫೈಲ್ ತೆರೆದು ನೋಡುವ ಆಸೆಯನ್ನೂ ತಡೆದುಕೊಳ್ಳಿ. ಲಿಬ್ರೆ ಆಫೀಸ್‌ನಲ್ಲಿ ಒಂದು ಲೇಖನ ತೆರೆದರೂ ಅದು ಅದೇ ಫೋಲ್ಡರ್‌ನಲ್ಲಿ ಒಂದು ಚಿಕ್ಕ ಲಾಕ್ ಫೈಲ್ ಬರೆಯಲು ನೋಡುತ್ತದೆ. ಕಾಪಿ ಮಾಡಿ, ಕಾಪಿಯನ್ನು ತೆರೆಯಿರಿ.

ಏನನ್ನು ಮೊದಲು ಕಾಪಿ ಮಾಡಬೇಕು? ಎಲ್ಲರೂ ಫೋಟೋದಿಂದ ಶುರು ಮಾಡುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ಬೀಳುತ್ತದೆ. ನೀವು ಬೇರೆಲ್ಲೂ ಸಿಗದ ಚಿಕ್ಕ ಫೈಲ್‌ಗಳಿಂದ ಶುರು ಮಾಡಿ. ಅಂದರೆ ಟ್ಯಾಲಿ. ಅದು ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಟ್ಯಾಲಿ ಪ್ರೈಮ್ ಆದರೆ ಸಿ ಡ್ರೈವ್‌ನಲ್ಲಿ ಯೂಸರ್ಸ್, ಅದರೊಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿ ಪ್ರೈಮ್, ಅದರೊಳಗೆ ಡೇಟಾ. ಹಳೆಯ ಟ್ಯಾಲಿ ಇಆರ್‌ಪಿ 9 ಆದರೆ ಪಬ್ಲಿಕ್‌ನಲ್ಲಿ ಅಥವಾ ನೇರ ಸಿ ಡ್ರೈವ್‌ನಲ್ಲೇ ಟ್ಯಾಲಿ ಹೆಸರಿನ ಫೋಲ್ಡರ್ ಇರುತ್ತದೆ. ಡೇಟಾದೊಳಗೆ 10000, 10001 ಹೀಗೆ ಬರೀ ನಂಬರ್ ಹೆಸರಿನ ಫೋಲ್ಡರ್‌ಗಳು ಕಾಣುತ್ತವೆ. ಒಂದೊಂದು ನಂಬರ್ ಒಂದೊಂದು ಕಂಪನಿ. ಒಳಗಿನ ಫೈಲ್ ಆರಿಸಬೇಡಿ, ಇಡೀ ಡೇಟಾ ಫೋಲ್ಡರ್ ಎತ್ತಿಕೊಳ್ಳಿ. ಜಿಎಸ್‌ಟಿ ಕಾಯ್ದೆ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಂಡಿರಬೇಕು. ಹಾಗಾಗಿ ಈ ವರ್ಷದ್ದು ಮಾತ್ರ ಸಾಕು ಎಂದು ಹಳೆಯ ನಂಬರ್‌ಗಳನ್ನು ಬಿಡಬೇಡಿ. ಹೊಸ ಕಂಪ್ಯೂಟರ್‌ನಲ್ಲಿ ಅದೇ ಆವೃತ್ತಿ ಅಥವಾ ಅದಕ್ಕಿಂತ ಹೊಸ ಟ್ಯಾಲಿ ಹಾಕಿ ಈ ಫೋಲ್ಡರ್ ತೋರಿಸಿದರೆ ಕಂಪನಿ ತೆರೆದುಕೊಳ್ಳುತ್ತದೆ. ಲೈಸೆನ್ಸ್ ಮಾತ್ರ ಮತ್ತೆ ಆಕ್ಟಿವೇಟ್ ಮಾಡಿಸಬೇಕಾದೀತು.

ಡೆಸ್ಕ್‌ಟಾಪ್ ಖಾಲಿ ಯಾಕೆ? ಬಹುತೇಕ ಒನ್‌ಡ್ರೈವ್ ಕಾರಣ. ವಿಂಡೋಸ್‌ನಲ್ಲಿ ಯಾವಾಗಲೋ ‘ನಿಮ್ಮ ಫೋಲ್ಡರ್‌ಗಳನ್ನು ಬ್ಯಾಕಪ್ ಮಾಡಲೇ’ ಎಂದು ಕೇಳಿದ್ದಕ್ಕೆ ನೀವು ಓಕೆ ಒತ್ತಿರುತ್ತೀರಿ. ಆಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ನಿಮ್ಮ ಹೆಸರಿನ ಫೋಲ್ಡರ್‌ನ ಒಳಗಿರುವ ಒನ್‌ಡ್ರೈವ್ ಫೋಲ್ಡರ್‌ಗೆ ಸ್ಥಳ ಬದಲಾಯಿಸುತ್ತವೆ. ಹಳೆಯ ಜಾಗದಲ್ಲಿ ಖಾಲಿ ಫೋಲ್ಡರ್ ಉಳಿಯುತ್ತದೆ. ನೀವು ನೋಡಿದ್ದು ಅದನ್ನೇ ಇರಬೇಕು. ಒನ್‌ಡ್ರೈವ್ ಫೋಲ್ಡರ್ ತೆರೆದು ಅಲ್ಲಿ ಡೆಸ್ಕ್‌ಟಾಪ್ ಹುಡುಕಿ. ಅಲ್ಲಿ ಕೆಲವು ಫೈಲ್ ಕಂಡರೂ ತೆರೆಯದಿದ್ದರೆ, ಬಹುಶಃ ಅವು ಡಿಸ್ಕ್‌ನಲ್ಲಿ ಇಲ್ಲ, ಹೆಸರು ಮಾತ್ರ ಇಲ್ಲಿದೆ, ಫೈಲ್ ಇರುವುದು ಮೈಕ್ರೋಸಾಫ್ಟ್‌ನ ಕ್ಲೌಡ್‌ನಲ್ಲಿ. ಅವನ್ನು ಮೊಬೈಲ್‌ನಿಂದಲೇ ಒನ್‌ಡ್ರೈವ್‌ಗೆ ಲಾಗಿನ್ ಆಗಿ ಇಳಿಸಿಕೊಳ್ಳಬಹುದು. ಅಪ್‌ಡೇಟ್ ಅರ್ಧಕ್ಕೆ ನಿಂತಿರುವುದರಿಂದ ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ ಇದೆಯೇ ಎಂದೂ ನೋಡಿ. ಇದ್ದರೆ ಅದರೊಳಗಿನ ಯೂಸರ್ಸ್ ಕೂಡ ತೆರೆದು ನೋಡಿ.

ಇನ್ನು ನುಡಿ ಲೇಖನ. ಇದನ್ನು ನೋಡಿ ‘ಫೈಲ್ ಕರಪ್ಟ್ ಆಗಿದೆ’ ಎಂದು ಅಳಿಸಿದವರೂ ಇದ್ದಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲ ಭಾಷೆಗಳ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಬರುವ ಮೊದಲಿನ ಪದ್ಧತಿಯ ನುಡಿ ಫಾಂಟ್‌ಗಳಲ್ಲಿ ಕಂಪ್ಯೂಟರ್ ಕನ್ನಡ ಅಕ್ಷರವನ್ನು ಕನ್ನಡವಾಗಿ ಉಳಿಸಿಕೊಂಡಿರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತವನ್ನೇ ಇಟ್ಟುಕೊಂಡು, ಅವುಗಳ ಮೇಲೆ ಕನ್ನಡದ ಆಕಾರವನ್ನು ಫಾಂಟ್ ತೊಡಿಸುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ತಲೆ ಮೇಲೆ ಗೆರೆ ಇರುವ ‘ಎ’, ನಡುನಡುವೆ ಪೌಂಡ್ ಚಿಹ್ನೆ, ಹೀಗೆ ಕಾಣುತ್ತದೆ. ನಿಮಗೂ ಹಾಗೇ ಕಂಡಿತ್ತಲ್ಲವೇ? ಹಾಗಿದ್ದರೆ ಲೇಖನದ ಒಂದು ಕಾಗುಣಿತವೂ ಹೋಗಿಲ್ಲ. ಅದೇ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡ ಮತ್ತೆ ಕಾಣುತ್ತದೆ. ಆದ್ದರಿಂದ ಲೇಖನದ ಜೊತೆ ಫಾಂಟ್‌ಗಳನ್ನೂ ಕಾಪಿ ಮಾಡಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ ‘ಫಾಂಟ್ಸ್’ ಎಂದು ಇದೆ, ಅದನ್ನು ಇಡಿಯಾಗಿ ಎತ್ತಿಕೊಳ್ಳಿ. ‘ಬರಹ’ ತಂತ್ರಾಂಶದ ಹಳೆಯ ಫೈಲ್‌ಗಳಿಗೂ ಇದೇ ಮಾತು. ಆಮೇಲೆ ಬಿಡುವಾದಾಗ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿ ಇನ್ನೊಂದು ಪ್ರತಿ ಇಡಿ. ನಿಮ್ಮ ಸಂಘದ ಹಳೆಯ ಸಂಚಿಕೆಗಳೂ ಇದೇ ಫಾಂಟ್‌ನಲ್ಲಿದ್ದರೆ ಅವನ್ನೂ ಸೇರಿಸಿಕೊಳ್ಳಿ. ಮುಂಬಯಿಯ ಕನ್ನಡ ಸಂಘಗಳ ಎಷ್ಟೋ ಬರಹ ಇವತ್ತಿಗೂ ಯಾರದೋ ಮನೆಯ ಒಂದು ಡಿಸ್ಕ್‌ನಲ್ಲಿ, ಒಂದೇ ಪ್ರತಿಯಲ್ಲಿ, ಇಂಥ ಫಾಂಟ್‌ಗಳಲ್ಲೇ ಇದೆ. ಅದು ಹೋದರೆ ಮತ್ತೆ ಬರೆದುಕೊಡುವವರು ಯಾರೂ ಇಲ್ಲ.

ಮಾವನವರ ವಿಡಿಯೋ ಕಾಪಿ ಆಗದಿರಲು ಕಾರಣ ಆ ಪೆನ್ ಡ್ರೈವ್. 32 ಜಿಬಿ ಮತ್ತು ಅದಕ್ಕಿಂತ ಚಿಕ್ಕ ಪೆನ್ ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್ 32 ಮಾದರಿಯಲ್ಲಿ ಬರುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ, ಎಷ್ಟೇ ಜಾಗ ಖಾಲಿ ಇದ್ದರೂ. ರಾತ್ರಿಯಿಡೀ ನಡೆದ ಆಟದ ವಿಡಿಯೋ ಆ ಮಿತಿ ಸುಲಭವಾಗಿ ದಾಟುತ್ತದೆ. ಹೊರಗಿನ ಹಾರ್ಡ್ ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿದ್ದರೆ ಈ ತೊಂದರೆ ಇಲ್ಲ. ಮ್ಯಾಕ್ ಇರುವ ಮಕ್ಕಳಿಗೂ ಕೊಡುವುದಿದ್ದರೆ ಎಕ್ಸ್‌ಫ್ಯಾಟ್ ಒಳ್ಳೆಯದು, ಮ್ಯಾಕ್ ಎನ್‌ಟಿಎಫ್‌ಎಸ್ ಅನ್ನು ಓದುತ್ತದೆ, ಬರೆಯುವುದಿಲ್ಲ.

ಕ್ರೋಮ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು ಫೋಲ್ಡರ್ ಕಾಪಿ ಮಾಡಿದರೆ ಬರುವುದಿಲ್ಲ. ಅವು ನಿಮ್ಮ ವಿಂಡೋಸ್ ಲಾಗಿನ್‌ಗೆ ಕಟ್ಟಿಹಾಕಿದ ಬೀಗದಲ್ಲಿರುತ್ತವೆ. ಗೂಗಲ್ ಖಾತೆಯಲ್ಲಿ ಸಿಂಕ್ ಆಗಿದ್ದರೆ ಅಲ್ಲಿ ಸಿಗುತ್ತವೆ.

ಕಾಪಿ ನಡೆಯುವಾಗ ವೇಗ ನೋಡುತ್ತಿರಿ. ಇಂಥ ಲ್ಯಾಪ್‌ಟಾಪ್ ಡಿಸ್ಕ್‌ನಿಂದ ದೊಡ್ಡ ವಿಡಿಯೋ ಫೈಲ್‌ಗಳು ಸೆಕೆಂಡಿಗೆ 60ರಿಂದ 100 ಎಂಬಿ ಬರಬೇಕು. ಚಿಕ್ಕ ಚಿಕ್ಕ ಫೈಲ್‌ಗಳಿದ್ದಾಗ ಇಳಿಯುವುದು ಸಹಜ. ಆದರೆ ಒಂದೇ ದೊಡ್ಡ ಫೈಲ್ ಮೇಲೆ ವೇಗ ಪೂರ್ತಿ ಕುಸಿದು, ನಿಮಿಷಗಟ್ಟಲೆ ಅಲುಗಾಡದೆ ಕೂತರೆ ಆ ಫೈಲ್ ಬಿಟ್ಟು ಮುಂದಿನದಕ್ಕೆ ಹೋಗಿ. ಒಂದರ ಹಿಂದೆ ಒಂದು ಹೀಗೆ ಆಗುತ್ತಿದ್ದರೆ ಕಾಪಿ ನಿಲ್ಲಿಸಿ ಬಂದ್ ಮಾಡಿ. ಕಟ್ ಕಟ್ ಎಂದು ತಾಳಬದ್ಧವಾಗಿ ಶಬ್ದ ಬಂದರೂ ಅಷ್ಟೇ, ಆ ಕ್ಷಣವೇ ಬಂದ್.

ಆ ಹಂತದಲ್ಲಿ, ಅಥವಾ ಮೊದಲೇ ಪೆಂಡಿಂಗ್ ಸೆಕ್ಟರ್ ಕಂಡಿದ್ದರೆ, ದಾರಿ ಬೇರೆ. ‘ಡಿಡಿರೆಸ್ಕ್ಯೂ’ ಎಂಬ ಉಚಿತ ಸಾಧನ ಇದೆ. ‘ಸಿಸ್ಟಮ್ ರೆಸ್ಕ್ಯೂ’ ಎಂಬ ಲಿನಕ್ಸ್ ಪೆನ್ ಡ್ರೈವ್‌ನಲ್ಲಿ ಅದು ಮೊದಲೇ ಸೇರಿರುತ್ತದೆ. ಫೈಲ್ ಫೈಲ್ ಎಂದು ಹುಡುಕದೆ ಇಡೀ ಡಿಸ್ಕ್ ಅನ್ನು ಒಂದು ತುದಿಯಿಂದ ಇನ್ನೊಂದು ಡಿಸ್ಕ್‌ಗೆ ಅದು ನಕಲು ಮಾಡುತ್ತದೆ. ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳನ್ನು ಗುರುತು ಹಾಕಿ ಕೊನೆಗೆ ಬಿಡುತ್ತದೆ. ಎಲ್ಲಿಯವರೆಗೆ ಆಯಿತು ಎಂಬ ಲೆಕ್ಕವನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಇಡುವುದರಿಂದ, ನಿಲ್ಲಿಸಿ ಮರುದಿನ ಅಲ್ಲಿಂದಲೇ ಮುಂದುವರಿಸಬಹುದು. ಸಾಯುತ್ತಿರುವ ಡಿಸ್ಕ್‌ಗೆ ಇದಕ್ಕಿಂತ ಕಡಿಮೆ ಕಷ್ಟ ಕೊಡುವ ಮನೆಮಟ್ಟದ ವಿಧಾನ ನನಗೆ ಗೊತ್ತಿಲ್ಲ. ಅಪಾಯ ಒಂದೇ, ಆದರೆ ದೊಡ್ಡದು. ಯಾವುದರಿಂದ ಯಾವುದಕ್ಕೆ ಎಂದು ಹೇಳುವಾಗ ಎರಡು ಡಿಸ್ಕ್ ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಡೇಟಾ ಮೇಲೆ ಬರೆದುಹೋಗುತ್ತದೆ. ಎರಡೂ 1 ಟಿಬಿ ಆಗಿದ್ದರೆ ಈ ತಪ್ಪು ಸುಲಭ. ಅದಕ್ಕೆ 2 ಟಿಬಿಯ ಡಿಸ್ಕ್ ತನ್ನಿ, ಗಾತ್ರ ನೋಡಿದರೇ ಗೊತ್ತಾಗುತ್ತದೆ. ಮಾಡೆಲ್ ಮತ್ತು ಸೀರಿಯಲ್ ನಂಬರ್ ಹೋಲಿಸಿದ ಮೇಲೆಯೇ ಎಂಟರ್ ಒತ್ತಲು ನಿಮ್ಮ ತಂಗಿಯ ಮಗನಿಗೆ ಹೇಳಿ. ಅವನಿಗೆ ಧೈರ್ಯವಿಲ್ಲದಿದ್ದರೆ ಬಲವಂತ ಬೇಡ, ಡೇಟಾ ರಿಕವರಿ ಮಾಡುವವರ ಬಳಿ ಕೊಡಿ. ಕಟ್ ಕಟ್ ಶಬ್ದ ಬರುವ ಡಿಸ್ಕ್ ಆದರೆ ಮನೆಯಲ್ಲಿ ಏನೂ ಮಾಡದೆ ನೇರವಾಗಿ ಅಲ್ಲಿಗೇ. ಅದನ್ನು ತೆರೆಯಲು ಧೂಳಿಲ್ಲದ ವಿಶೇಷ ಕೋಣೆ ಬೇಕು, ಖರ್ಚೂ ಜಾಸ್ತಿ. ಡಿಸ್ಕ್ ಅನ್ನು ಫ್ರಿಜ್‌ನಲ್ಲಿಟ್ಟು ತೆಗೆದರೆ ಓಡುತ್ತದೆ ಎಂಬ ಹಳೆಯ ಮಾತನ್ನು ನಂಬಬೇಡಿ. ಮುಂಬಯಿಯ ತೇವದ ಗಾಳಿಗೆ ತಣ್ಣಗಿನ ಡಿಸ್ಕ್ ತೆಗೆದರೆ ನೀರು ಕಟ್ಟುತ್ತದೆ.

ಲಿನಕ್ಸ್ ಒಂದೇ ದಾರಿ ಎಂದೇನಿಲ್ಲ. ಡಿಸ್ಕ್ ಬಿಚ್ಚಿ ಸಾಟಾ ಟು ಯುಎಸ್‌ಬಿ ಕೇಬಲ್ ಹಾಕಿ ಬೇರೆ ಕಂಪ್ಯೂಟರ್‌ಗೆ ಜೋಡಿಸಬಹುದು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಆ ಕೇಬಲ್ ಸುಲಭವಾಗಿ ಸಿಗುತ್ತದೆ. ತೊಂದರೆ ಏನೆಂದರೆ, ಆ ಕಂಪ್ಯೂಟರ್‌ನ ವಿಂಡೋಸ್ ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’, ಇಲ್ಲವೇ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಬಹುದು. ಎರಡಕ್ಕೂ ಬೇಡ ಎನ್ನಬೇಕು. ‘ರೀಸೆಟ್ ದಿಸ್ ಪಿಸಿ, ಕೀಪ್ ಮೈ ಫೈಲ್ಸ್’ ಎಂಬುದನ್ನು ಮಾತ್ರ ಕಾಪಿ ಆಗುವ ಮುಂಚೆ ಒತ್ತಲೇಬೇಡಿ. ಅದು ಉಳಿಸುವುದಾಗಿ ಹೇಳುವುದು ನಿಮ್ಮ ಯೂಸರ್ ಫೋಲ್ಡರ್ ಮಾತ್ರ, ಬೇರೆ ಕಡೆ ಇಟ್ಟ ಟ್ಯಾಲಿ ಡೇಟಾಗೆ ಭರವಸೆ ಇಲ್ಲ. ಸವೆದ ಡಿಸ್ಕ್ ಮೇಲೆ ಅದು ಅರ್ಧಕ್ಕೇ ನಿಲ್ಲಬಹುದು.

ಇದನ್ನು ಓದುತ್ತಿರುವ ಉಳಿದವರಿಗೆ ಒಂದು ಮಾತು. ಹೊಸ ಲ್ಯಾಪ್‌ಟಾಪ್ ಇದ್ದರೆ ನಿಮ್ಮ ಡಿಸ್ಕ್ ಹೀಗೆ ತೆರೆಯಲಾರದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ವಿಂಡೋಸ್ 11 ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿಯೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡುತ್ತದೆ. 2024ರ 24ಎಚ್2 ಆವೃತ್ತಿಯಿಂದ ಇದು ಇನ್ನೂ ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ ಬಂದಿದೆ. ಆಗ ಲಿನಕ್ಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಎಲ್ಲಾ ಚೆನ್ನಾಗಿರುವಾಗಲೇ ತೆಗೆದು ಕಾಗದದಲ್ಲಿ ಬರೆದಿಡಿ. ಕೀ ಇಲ್ಲದಿದ್ದರೆ ಲಿನಕ್ಸ್‌ಗೂ ಆಗದು, ಯಾವ ಅಂಗಡಿಯವರಿಗೂ ಆಗದು.

ಕಾಪಿ ಮುಗಿಯಿತು ಎಂದು ಪರದೆ ಹೇಳಿದ ಕೂಡಲೇ ಕೇಬಲ್ ಎಳೆಯಬೇಡಿ. ಲಿನಕ್ಸ್ ಸ್ವಲ್ಪ ಭಾಗವನ್ನು ರ‍್ಯಾಮ್‌ನಲ್ಲೇ ಇಟ್ಟುಕೊಂಡು ಆಮೇಲೆ ಬರೆಯುತ್ತದೆ. ಇಜೆಕ್ಟ್ ಒತ್ತಿ, ‘ಈಗ ತೆಗೆಯಬಹುದು’ ಎಂದು ಬರುವವರೆಗೆ ಕಾಯಿರಿ. ಆಮೇಲೆ ಹಳೆಯದು ಮತ್ತು ಹೊಸದು ಎರಡರಲ್ಲೂ ಅದೇ ಫೋಲ್ಡರ್‌ನ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ, ಒಟ್ಟು ಗಾತ್ರ ಹೋಲಿಸಿ. ಹೊಸ ಡಿಸ್ಕ್ ಅನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ಅಲ್ಲಲ್ಲಿ ತೆರೆದು ನೋಡಿ. ವಿಡಿಯೋವನ್ನು ಶುರುವಿನಲ್ಲಿ ಮಾತ್ರ ನೋಡದೆ ಮಧ್ಯ, ಕೊನೆಗೂ ಎಳೆದು ನೋಡಿ. ಮಾವನವರ ವಿಡಿಯೋ, ಟ್ಯಾಲಿ, ಲೇಖನಗಳಿಗೆ ಇನ್ನೂ ಒಂದು ಪ್ರತಿ ಮಾಡಿ. ಆ ಪ್ರತಿ ಡೊಂಬಿವಲಿ ಮನೆಯಲ್ಲೇ ಇರುವುದು ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ, ಒಂದೇ ಮನೆಯಲ್ಲಿದ್ದ ಅಸಲು, ನಕಲು ಎರಡೂ ಒಟ್ಟಿಗೇ ನೀರು ಪಾಲಾದವರಿದ್ದರು. ಊರಿಗೆ ಹೋಗುವಾಗ ತಗೊಂಡು ಹೋಗಿ ಅಲ್ಲಿಟ್ಟು ಬನ್ನಿ.

ಇಷ್ಟಾದ ಮೇಲೆ ಅಂಗಡಿಯವರು ಫಾರ್ಮ್ಯಾಟ್ ಮಾಡಲಿ, ಅಡ್ಡಿಯಿಲ್ಲ. ಅವರು ಹೇಳಿದ್ದು ಮೋಸ ಎಂದೂ ನಾನು ಹೇಳುವುದಿಲ್ಲ. ವಿಂಡೋಸ್ ಓಡಿಸಿಕೊಡುವುದು ಅವರ ಕೆಲಸ, ಅದಕ್ಕೆ ಫಾರ್ಮ್ಯಾಟ್ ಹತ್ತಿರದ ದಾರಿ. ಡೇಟಾ ತೆಗೆಯಲು ಸಮಯ ಹಿಡಿಯುತ್ತದೆ, ಅದಕ್ಕೆ ದುಡ್ಡು ಕೇಳುವುದು ನ್ಯಾಯವೇ. ಆದರೆ ಸ್ಮಾರ್ಟ್ ಡೇಟಾದಲ್ಲಿ ಕೆಟ್ಟ ಸೆಕ್ಟರ್ ಇದ್ದರೆ ಆ ಡಿಸ್ಕ್‌ಗೇ ಮತ್ತೆ ವಿಂಡೋಸ್ ಹಾಕಿಸಬೇಡಿ. ಅದೇ ಖರ್ಚಿನ ಜೊತೆ ಸ್ವಲ್ಪ ಸೇರಿಸಿ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಡಿಸ್ಕ್) ಹಾಕಿಸಿ, ಬ್ಯಾಟರಿಯನ್ನೂ ಬದಲಾಯಿಸಿ. ಬಿಚ್ಚಿದ ಹಳೆಯ ಡಿಸ್ಕ್ ಅನ್ನು ಅಂಗಡಿಯಲ್ಲಿ ಬಿಡದೆ ಕೇಳಿ ವಾಪಸ್ ತಗೊಳ್ಳಿ. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್ ಪ್ರತಿ ಎಲ್ಲವೂ ಅದರಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆಯುವ ಸ್ಥಿತಿಯಲ್ಲೇ ಇದೆ.

ಸದ್ಯಕ್ಕೆ ಆ ಸ್ಮಾರ್ಟ್ ಡೇಟಾ ಪರದೆಯ ಫೋಟೋ ಮೊಬೈಲ್‌ನಲ್ಲಿ ತೆಗೆದು ಕಳುಹಿಸಿ. ನಾನು ಹೇಳಿದ ಎರಡು ಸಾಲು ಸ್ಪಷ್ಟವಾಗಿ ಕಾಣಲಿ. ಕಾಪಿ ಪೇಸ್ಟ್ ಸಾಕೋ, ಡಿಡಿರೆಸ್ಕ್ಯೂ ಬೇಕೋ ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಬಂದ್ ಆಗಿರಲಿ.